ಓದಲಾಗದ ಗೆರೆಗೆ ನಿದ್ದೆ ಕೆಡಿಸಿಕೊಳ್ಳಬೇಡಿ

‘ಮೂರು ದಿನದಿಂದ ಕಣ್ಣು ಮುಚ್ಚಿಲ್ಲ ಕಣೆ. ಯಾರೋ ನಮ್ಮನೆಗೆ ಮಾಟ ಮಾಡಿಸಿಬಿಟ್ಟಿದ್ದಾರೆ...’

ಹುಣಸೂರಿನ ಗೆಳತಿ ಫೋನಿನಲ್ಲಿ ಅಳುತ್ತಿದ್ದಳು. ದೀಪಾವಳಿಗೆ ಸುಣ್ಣ-ಬಣ್ಣ ಮಾಡಿಸಲು ಹಿತ್ತಿಲ ಕುಂಡ ಸರಿಸಿದಾಗ ಕೆಳಗೆ ಸುರುಳಿ ಸುತ್ತಿದ ತಾಮ್ರದ ತಗಡು ಸಿಕ್ಕಿತ್ತಂತೆ. ಬಿಡಿಸಿದರೆ ಬರೀ ಚೌಕ, ಗೆರೆ, ಸೊನ್ನೆ. ಕನ್ನಡವೂ ಅಲ್ಲ, ಸಂಸ್ಕೃತವೂ ಅಲ್ಲ. ಅಲ್ಲಿಂದ ಶುರುವಾಯಿತು ನೋಡಿ. ರಾತ್ರಿ ಎದೆ ಡವಡವ, ಬೆಳಿಗ್ಗೆ ತಲೆನೋವು. ಮಗನ ಮಾರ್ಕ್ಸ್ ಇಳಿದದ್ದು, ಹೊಗೆಸೊಪ್ಪಿಗೆ ರೇಟು ಸಿಗದೇ ಹೋದದ್ದು, ಎಲ್ಲಕ್ಕೂ ಆ ತಗಡೇ ಕಾರಣ ಅನ್ನಿಸತೊಡಗಿತು. ಕೊನೆಗೆ ಪಿರಿಯಾಪಟ್ಟಣದ ಓರಗಿತ್ತಿಯ ಮೇಲೆ ಅನುಮಾನ. ಹಬ್ಬಕ್ಕೆ ಅವಳನ್ನು ಕರೆಯಲೇ ಇಲ್ಲ.

ವಾರದ ಮೇಲೆ ಕೆ.ಆರ್. ನಗರದ ಮಗಳ ಮನೆಯಿಂದ ಅತ್ತೆ ಬಂದರು. ತಗಡು ನೋಡಿ ನಕ್ಕುಬಿಟ್ಟರು. ‘ಅಯ್ಯೋ, ಇದು ನಾನೇ ಇಟ್ಟಿದ್ದು ಕಣವ್ವ. ಮಗೂಗೆ ಜ್ವರ ಬಿಡದೇ ಇದ್ದಾಗ ಕೋಟೆ ಕಡೆಯೋರೊಬ್ರು ಬರೆದುಕೊಟ್ಟಿದ್ರು. ಅದನ್ನ ಇಟ್ಟಮೇಲೇ ನಂಗೆ ಧೈರ್ಯ ಬಂದಿದ್ದು!’

ತಗಡು ಒಂದೇ. ಅತ್ತೆಗೆ ಧೈರ್ಯ ಕೊಟ್ಟಿತು, ಸೊಸೆಯ ನಿದ್ದೆ ಕಸಿದುಕೊಂಡಿತು. ಹಾಗಾದರೆ ಆ ಗೆರೆಗಳಲ್ಲಿ ಬರೆದಿದ್ದಾದರೂ ಏನು? ಏನೂ ಇಲ್ಲ. ಬರೆದದ್ದು ನಮ್ಮ ಮನಸ್ಸು.

ಅರ್ಥವಿಲ್ಲದ್ದನ್ನು ಕಂಡರೆ ನಮ್ಮ ಸುಪ್ತ ಮನಸ್ಸು ಸುಮ್ಮನಿರುವುದಿಲ್ಲ. ಅರ್ಥ ಹುಡುಕುತ್ತದೆ, ಸಿಗದಿದ್ದರೆ ತಾನೇ ತುಂಬುತ್ತದೆ. ಮೋಡದಲ್ಲಿ ಮುಖ ಕಾಣುವುದಿಲ್ಲವೇ, ಹಾಗೆ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಹರ್ಮನ್ ರೋರ್ಶಾಕ್ 1921ರಲ್ಲಿ ಪ್ರಕಟಿಸಿದ ಪರೀಕ್ಷೆ ನಿಂತಿದ್ದೂ ಇದರ ಮೇಲೆಯೇ. ಹತ್ತು ಕಾರ್ಡುಗಳಲ್ಲಿ ಬರೀ ಶಾಯಿಯ ಕಲೆ. ಒಬ್ಬರಿಗೆ ಚಿಟ್ಟೆ ಕಂಡರೆ ಇನ್ನೊಬ್ಬರಿಗೆ ರಾಕ್ಷಸ. ಚೀನಾದ ಕಲಾವಿದ ಷು ಬಿಂಗ್ ತಾನೇ ಸೃಷ್ಟಿಸಿದ, ಯಾರೂ ಓದಲಾಗದ ಸುಮಾರು ನಾಲ್ಕು ಸಾವಿರ ಅಕ್ಷರಗಳಲ್ಲಿ ಪುಸ್ತಕಗಳನ್ನೇ ಅಚ್ಚು ಹಾಕಿದ. 1988ರಲ್ಲಿ ಬೀಜಿಂಗ್‌ನಲ್ಲಿ ಅದನ್ನು ನೋಡಿದವರು ಗೊತ್ತಿರುವ ಒಂದಾದರೂ ಅಕ್ಷರ ಸಿಕ್ಕೀತೇ ಎಂದು ಹುಡುಕಿದರು.

ಒಳಗೆ ಭಯವಿದ್ದರೆ ಗೆರೆಯಲ್ಲೂ ಭಯವೇ ಕಾಣುತ್ತದೆ. ಕೇಡಾಗುತ್ತದೆ ಎಂದು ನಂಬಿದವರಿಗೆ ನಿಜವಾಗಿಯೂ ನಿದ್ದೆ ಹೋಗುತ್ತದೆ, ಹೊಟ್ಟೆ ಕೆಡುತ್ತದೆ. ಗೆಳತಿಯ ತಲೆನೋವು ಸುಳ್ಳಲ್ಲ. ಕಾರಣ ಮಾತ್ರ ತಗಡಲ್ಲ.

ಹಿರಿಯರ ನಂಬಿಕೆಯನ್ನು ನಾನು ಆಡಿಕೊಳ್ಳುತ್ತಿಲ್ಲ. ಆದರೆ ಓದಲಾಗದ ಬರಹದ ಅಪಾಯ ಇರುವುದು ಬರಹದಲ್ಲಲ್ಲ, ‘ನಾನು ಓದಬಲ್ಲೆ’ ಎಂದು ಬರುವವನಲ್ಲಿ. ಅವನು ಹೇಳಿದ್ದೇ ಅರ್ಥ, ಕೇಳಿದ್ದೇ ದುಡ್ಡು. ‘ನಿಮ್ಮ ಹತ್ತಿರದವರೇ ಮಾಡಿಸಿದ್ದು’ ಎಂದು ಒಂದು ಮಾತು ಹೇಳಿದರೆ ಸಾಕು, ಎರಡು ಮನೆ ಒಡೆಯುತ್ತದೆ. ಅನುಮಾನ ಬೀಳುವುದು ಹೆಚ್ಚಾಗಿ ಯಾರ ಮೇಲೆ? ಸೊಸೆ, ಓರಗಿತ್ತಿ, ಪಕ್ಕದ ಮನೆಯ ಒಂಟಿ ಹೆಂಗಸು. ಹೆದರುವವಳೂ ಹೆಣ್ಣೇ, ಕೆಟ್ಟ ಹೆಸರು ಹೊರುವವಳೂ ಹೆಣ್ಣೇ.

ಅರ್ಥವಿಲ್ಲದ ಗೆರೆಗಳೆಲ್ಲ ಕೆಟ್ಟವೂ ಅಲ್ಲ. ಬೆಳಿಗ್ಗೆ ಚುಕ್ಕಿಗಳ ಸುತ್ತ ಎಳೆ ಎಳೆಯುವಾಗ ಮನಸ್ಸು ಎಷ್ಟು ಹಗುರ! ಅಲ್ಲಿ ಒಂದು ಪದವೂ ಇಲ್ಲ. 2009ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಅಧ್ಯಯನವೊಂದರಲ್ಲಿ, ಬೇಸರದ ಫೋನ್ ಸಂದೇಶ ಕೇಳುತ್ತಾ ಕಾಗದದ ಮೇಲೆ ಆಕಾರಗಳಿಗೆ ಬಣ್ಣ ತುಂಬುತ್ತಿದ್ದವರು ಉಳಿದವರಿಗಿಂತ ಶೇ. 29ರಷ್ಟು ಹೆಚ್ಚು ವಿಷಯ ನೆನಪಿಟ್ಟುಕೊಂಡಿದ್ದರು. ಮೂರು ವರ್ಷದ ಪುಟ್ಟಿ ಗೋಡೆ ಮೇಲೆ ಗೀಚಿದರೆ ಗದರಬೇಡಿ. ಹಳೇ ಕ್ಯಾಲೆಂಡರ್ ಹಿಂಬದಿ ಕೊಟ್ಟು, ‘ಏನು ಬರೆದೆ, ಓದು ಕಂದಾ’ ಎನ್ನಿ. ಬರವಣಿಗೆಯ ಮೊದಲ ಮೆಟ್ಟಿಲು ಅದು.

ತಗಡು, ಚೀಟಿ ಏನಾದರೂ ಸಿಕ್ಕಿದರೆ ಹೀಗೆ ಮಾಡಿ:

* ಒಬ್ಬರೇ ಕೊರಗಬೇಡಿ. ಮೊದಲು ಮನೆಯ ಹಿರಿಯರನ್ನು ಕೇಳಿ. ಅವರೇ ಇಟ್ಟಿರಬಹುದು.

* ಯಾರ ಹೆಸರನ್ನೂ ಬಾಯಿಗೆ ತರಬೇಡಿ. ಆಡಿದ ಮಾತು ವಾಪಸ್ ಬರುವುದಿಲ್ಲ.

* ‘ತೆಗೆಸಲು’ ದುಡ್ಡು ಕೊಡಬೇಡಿ. ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಿಂಸಿಸುವುದು ಅಪರಾಧ.

* ನಿದ್ದೆ ಬಾರದಿರುವುದು, ಗಾಬರಿ ಮುಂದುವರಿದರೆ ವೈದ್ಯರನ್ನು ಕಾಣಿ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಮನೆಯಿಂದಲೇ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಅಂದಹಾಗೆ, ಗೆಳತಿ ಓರಗಿತ್ತಿಗೆ ಫೋನ್ ಮಾಡಿದಳು. ಹಬ್ಬಕ್ಕೆ ಯಾಕೆ ಕರೆಯಲಿಲ್ಲ ಎಂಬುದನ್ನು ಮಾತ್ರ ಇನ್ನೂ ಹೇಳಿಲ್ಲವಂತೆ. ಹೇಳಿಬಿಡು ಎಂದಿದ್ದೇನೆ. ಬಾಯಿಬಿಟ್ಟು ಹೇಳದಿದ್ದರೆ ಅದಕ್ಕೂ ಅವಳು ತಾನೇ ಒಂದು ಅರ್ಥ ಹುಡುಕಿಕೊಳ್ಳುತ್ತಾಳೆ, ಅಲ್ಲವೇ?