ಚುಕ್ಕಿಗಳಲ್ಲಿ ಅರಳುವ ಅಕ್ಷರ

ಚುಕ್ಕಿಯಿಟ್ಟು ಎಳೆ ಕೂಡಿಸುವ ವಿದ್ಯೆಯನ್ನು ನಮ್ಮ ತಾಯಂದಿರಿಗೆ ಯಾವ ಶಾಲೆಯೂ ಕಲಿಸಲಿಲ್ಲ. ಸಾರಿಸಿದ ಅಂಗಳದಲ್ಲಿ ಅಳತೆಗೋಲಿಲ್ಲದೆ ಸಾಲು ತಪ್ಪದ ಚುಕ್ಕಿಗಳು ಮೂಡುತ್ತವೆ. ಎಷ್ಟು ಚುಕ್ಕಿಗೆ ಯಾವ ರಂಗೋಲಿ ಎಂಬ ಲೆಕ್ಕ ಅವರ ಬೆರಳ ತುದಿಯಲ್ಲಿದೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವಾಗಲಿ, ಭೂಮಿ ಹುಣ್ಣಿಮೆಯ ಬೂಮಣ್ಣಿ ಬುಟ್ಟಿಯಾಗಲಿ ಇಂಥದೇ ಕೈಲೆಕ್ಕದ ಫಲ.

ಈಗ ಆ ಚುಕ್ಕಿಯೇ ಅಕ್ಷರದ ರೂಪ ತಾಳಿದೆ. ಜಾತ್ರೆಯ ಕಮಾನಿನ ದೀಪದ ಸರದಲ್ಲಿ, ಬಸ್ಸಿನ ಹಣೆಯ ಎಲ್‌ಇಡಿ ಫಲಕದಲ್ಲಿ, ಲಗ್ನಪತ್ರಿಕೆಯ ತಲೆಬರಹದಲ್ಲಿ ಚುಕ್ಕಿಗಳಿಂದಲೇ ಕಟ್ಟಿದ ಅಲಂಕಾರದ ಅಕ್ಷರಗಳನ್ನು ಕಾಣುತ್ತೇವೆ. ನೋಟಕ್ಕೆ ಚೆಲುವು ನಿಜ. ಆದರೆ ಓದಿಗೆ?

ಇಂಗ್ಲಿಷಿನ ದೊಡ್ಡಕ್ಷರಕ್ಕೆ ಅಡ್ಡ 5, ಉದ್ದ 7 ಚುಕ್ಕಿಗಳ ಮನೆ ಸಾಕು. ಕನ್ನಡಕ್ಕೆ ಅದು ಸಾಲದು. ನಮ್ಮ ಅಕ್ಷರಕ್ಕೆ ನೆತ್ತಿಯಲ್ಲಿ ತಲೆಕಟ್ಟು, ಗುಡಿಸು, ಬಲಕ್ಕೆ ದೀರ್ಘ, ಅಡಿಯಲ್ಲಿ ಒತ್ತು. ಮೂರು ಊರುಗಳ ಹೆಸರನ್ನೇ ನೋಡೋಣ. ‘ಸಾಗರ’, ‘ಹೊಸನಗರ’ ಎಂಬಲ್ಲಿ ಒತ್ತಕ್ಷರವಿಲ್ಲ. ಕಡಿಮೆ ಚುಕ್ಕಿಯಲ್ಲೂ ಹೇಗೋ ನಿಲ್ಲುತ್ತವೆ. ‘ತೀರ್ಥಹಳ್ಳಿ’ ಬಂದಾಗಲೇ ಪರೀಕ್ಷೆ. ಅಲ್ಲಿ ದೀರ್ಘವಿದೆ, ಅರ್ಕಾವತ್ತು ಇದೆ, ಳಕಾರದ ಒತ್ತಿದೆ. ಸಾಲದೆಂಬಂತೆ ಥಕಾರದ ಒಡಲಲ್ಲಿ ತನ್ನದೇ ಆದ ಒಂದು ಚುಕ್ಕಿಯೂ ಇದೆ. ಎಲ್ಲವೂ ಚುಕ್ಕಿಯಾದ ಕಡೆ ಈ ಚುಕ್ಕಿಯನ್ನು ಗುರುತಿಸುವುದು ಹೇಗೆ? ಠಕಾರದ ಪಾಡೂ ಇದೇ. ಒಳಗಿನ ಚುಕ್ಕಿ ಅಳಿದರೆ ಅದು ರಕಾರವಾಗಿ ಕಾಣುತ್ತದೆ, ‘ಮಠ’ವು ‘ಮರ’ವಾಗುತ್ತದೆ!

ಇಂಥ ಫಲಕಗಳನ್ನು ಕಂಡವರು, ‘ಕನ್ನಡ ಯಂತ್ರಕ್ಕೆ ಒಗ್ಗದು, ಇಂಗ್ಲಿಷೇ ಲೇಸು’ ಎಂದುಬಿಡುತ್ತಾರೆ. ನಾವು ಇದನ್ನು ಒಪ್ಪಲಾರೆವು. ಕುಂದು ಲಿಪಿಯದಲ್ಲ, ಲಿಪಿಗೆ ಕೊಟ್ಟ ಇಕ್ಕಟ್ಟಿನ ಮನೆಯದು. 9 ಸೂಜಿಯ ಮುದ್ರಣಯಂತ್ರದಲ್ಲಿ ಒರಟಾಗಿ ಮೂಡುತ್ತಿದ್ದ ಅಕ್ಷರ 24 ಸೂಜಿಯ ಯಂತ್ರದಲ್ಲಿ ನಯವಾಗಿ ಮೂಡಿತು. ಚುಕ್ಕಿ ಹೆಚ್ಚಿದಂತೆ ಬಳುಕೂ ಮರಳಿತು.

ಇನ್ನೊಂದು ದಾರಿಯನ್ನು ಅಂಧರ ಲಿಪಿ ತೋರಿದೆ. ಲೂಯಿ ಬ್ರೈಲನ ಪದ್ಧತಿಯಲ್ಲಿ ಪ್ರತಿ ಮನೆಗೆ 6 ಚುಕ್ಕಿಗಳು ಮಾತ್ರ. 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲಿನಲ್ಲಿ ಕನ್ನಡವೂ ಆ ಆರರಲ್ಲೇ ಅಡಗುತ್ತದೆ. ಒತ್ತಕ್ಷರ ಅಡಿಗಿಳಿಯದೆ ಸಾಲಿನಲ್ಲೇ ಸಾಗುತ್ತದೆ. ಅದು ಅಕ್ಷರದ ಆಕಾರವನ್ನು ಅನುಕರಿಸದೆ ಸಂಕೇತವನ್ನು ನೆಚ್ಚಿತು. ಬೆರಳಿಗೆ ಓದು ದಕ್ಕಿತು. ಕಣ್ಣಿನ ಓದಿಗಾದರೋ ಆಕಾರವೇ ಆಧಾರ. ಅದನ್ನು ಕೆಡಿಸಿದ ಅಲಂಕಾರಕ್ಕೆ ಬೆಲೆಯಿಲ್ಲ.

ಆದ್ದರಿಂದ ಮದುವೆ, ಗೃಹಪ್ರವೇಶ, ಜಾತ್ರೆಗಳ ಬರಹ ಮಾಡಿಸುವ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೆ. ಚುಕ್ಕಿ ಅಕ್ಷರವನ್ನು ತಲೆಬರಹಕ್ಕೆ ಮಾತ್ರ ಬಳಸಿರಿ. ಮುಹೂರ್ತ, ಸ್ಥಳ, ಹೆಸರುಗಳನ್ನು ತುಂಬು ಅಕ್ಷರದಲ್ಲಿ ಅಚ್ಚು ಹಾಕಿಸಿರಿ. ಒತ್ತಿಗೆ ಅಡಿಯಲ್ಲಿ ಎಡೆ ಬಿಡಿಸಿರಿ. ಠಕಾರ, ಥಕಾರಗಳ ಒಳಚುಕ್ಕಿ ಉಳಿದವುಗಳಿಗಿಂತ ದಪ್ಪವಾಗಿರಲಿ, ಸುತ್ತ ಬಯಲಿರಲಿ. ಅಚ್ಚಿಗೆ ಕಳುಹಿಸುವ ಮುನ್ನ ಮನೆಯ ಹಿರಿಯರೊಬ್ಬರಿಗೆ ಹತ್ತು ಹೆಜ್ಜೆ ದೂರದಿಂದ ತೋರಿಸಿರಿ. ಅವರು ತಡವರಿಸದೆ ಓದಿದರೆ ಆ ಅಕ್ಷರ ಸಾರ್ಥಕ.

ಚುಕ್ಕಿ ತಪ್ಪಿದರೆ ರಂಗೋಲಿಯನ್ನು ಅಳಿಸಿ ಮತ್ತೆ ಹಾಕಬಹುದು. ಓದಲಾಗದ ಫಲಕದ ಕೆಳಗೆ ನಿಂತ ಹಿರಿಯ ಜೀವಕ್ಕೆ ತಪ್ಪಿದ ಬಸ್ಸು ಮರಳಿ ಬಾರದು.