ಹೆಸರಿಗಾಗಿ ಪಹಣಿ ಅಡ ಇಡಬೇಡಿ

ಸಿಇಟಿ ರ‍್ಯಾಂಕ್ ಬಂದ ವಾರ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋ ಹಳ್ಳಿ ಹುಡುಗ್ರೆಲ್ಲ ತಮ್ಮ ತಮ್ಮ ಊರಿಗೆ ಶಿಕ್ಷಣ ತಜ್ಞರಾಗಿಬಿಡ್ತಾರೆ. ದೊಡ್ಡಪ್ಪನ ಮಗಳು, ಪಕ್ಕದ ಹೊಲದವರ ಮಗ, ಹೈಸ್ಕೂಲ್ ಮೇಷ್ಟ್ರ ಮೊಮ್ಮಗ, ಎಲ್ಲರ ಮನೆಯಿಂದಲೂ ಒಂದೇ ಪ್ರಶ್ನೆ: "ಹಾಸನದ ಗೌರ್ಮೆಂಟ್ ಕಾಲೇಜಲ್ಲಿ ಸೀಟ್ ಸಿಗುತ್ತಂತೆ. ಬೆಂಗಳೂರಲ್ಲಿ ಒಳ್ಳೆ ಹೆಸರಿರೋ ಕಡೆ ಮ್ಯಾನೇಜ್‌ಮೆಂಟ್ ಸೀಟ್ ಇದೆಯಂತೆ. ಯಾವ್ದಕ್ಕೆ ಹಾಕೋಣಪ್ಪ?" ನಮ್ಮಲ್ಲಿ ಬಹಳ ಜನರ ಉತ್ತರ ರೆಡಿ ಇರುತ್ತೆ: "ಹೆಂಗಾದ್ರೂ ಮಾಡಿ ಬೆಂಗಳೂರಿಗೇ ಹಾಕಿ. ಬ್ರ್ಯಾಂಡ್ ಮುಖ್ಯ."

ಈ "ಹೆಂಗಾದ್ರೂ ಮಾಡಿ" ಅನ್ನೋದರ ಬಿಲ್ಲು ನಮಗೆ ಬರಲ್ಲ, ಅವರಿಗೆ ಬರುತ್ತೆ. ಎಷ್ಟು ಅಂತ ಲೆಕ್ಕ ಹಾಕೋಣ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕಿನವರು ಸಾಮಾನ್ಯವಾಗಿ ಅಡಮಾನ ಕೇಳ್ತಾರೆ. ರೈತನ ಹತ್ತಿರ ಅಡ ಇಡೋಕೆ ಇರೋದು ಜಮೀನು. 12 ಲಕ್ಷ ಸಾಲ, ಶೇಕಡಾ 10 ಬಡ್ಡಿ, ಹತ್ತು ವರ್ಷ ಅಂದುಕೊಂಡರೆ ತಿಂಗಳ ಕಂತು ಸುಮಾರು 15,850 ರೂಪಾಯಿ. ಓದುವ ನಾಲ್ಕು ವರ್ಷದ ಬಡ್ಡಿ ಸೇರಿದರೆ ಇನ್ನೂ ಜಾಸ್ತಿ. ದೊಡ್ಡ ಸರ್ವಿಸ್ ಕಂಪನಿಗಳು ಫ್ರೆಶರ್‌ಗೆ ಕೊಡೋದು ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು. ಅಂದರೆ ಕಡಿತಕ್ಕೆ ಮೊದಲೇ ತಿಂಗಳಿಗೆ 29 ಸಾವಿರ. ಕಂತು ಕಟ್ಟಿ ಉಳಿದದ್ದರಲ್ಲಿ ಪಿಜಿ, ಊಟ, ಮೆಟ್ರೊ. ಊರಿಗೆ ಕಳಿಸೋ ಮಾತೇ ಇಲ್ಲ. ಹೀಗೆ ಗುಂಪಲ್ಲಿ ಸೇರಿಸಿಕೊಳ್ಳೋ ಕಂಪನಿಯಲ್ಲಿ ಪಕ್ಕದ ಡೆಸ್ಕಿನವನು ಸರ್ಕಾರಿ ಕಾಲೇಜಿಂದ ಬಂದಿದ್ದರೂ ಅವನಿಗೂ ಅದೇ ಸಂಬಳ. ವ್ಯತ್ಯಾಸ ಇಷ್ಟೇ: ಅವನ ಅಪ್ಪನ ಪಹಣಿಯಲ್ಲಿ ಬ್ಯಾಂಕಿನ ಹೆಸರಿಲ್ಲ.

ಇನ್ನೊಂದು ವಿಷಯ ಊರಲ್ಲಿ ಯಾರೂ ಹೇಳಲ್ಲ. ವಿಟಿಯು 1998ರಲ್ಲಿ ಬೆಳಗಾವಿಯಲ್ಲಿ ಶುರುವಾಯಿತು. ಹಾಸನ, ಹಾವೇರಿ, ರಾಮನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದವರಿಗೂ ಅದರದ್ದೇ ಡಿಗ್ರಿ, ಬೆಂಗಳೂರಿನ ಆರ್‌ವಿ, ಬಿಎಂಎಸ್, ರಾಮಯ್ಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದವರಿಗೂ ಅದರದ್ದೇ ಡಿಗ್ರಿ. ಸ್ವಾಯತ್ತ ಕಾಲೇಜುಗಳು ತಮ್ಮದೇ ಸಿಲಬಸ್ ಮಾಡಿಕೊಳ್ತವೆ, ನಿಜ. ಪದವಿ ಕೊಡೋ ವಿಶ್ವವಿದ್ಯಾಲಯ ಮಾತ್ರ ಒಂದೇ.

ಹಾಗಾದ್ರೆ ಹೆಸರಿಗೆ ಬೆಲೆಯೇ ಇಲ್ವಾ? ಇದೆ. ಕ್ಯಾಂಪಸ್ಸಿಗೆ ಹೆಚ್ಚು ಕಂಪನಿಗಳು ಬರ್ತವೆ, ಸೀನಿಯರ್‌ಗಳ ಪರಿಚಯ ಸಿಗುತ್ತೆ, ಜೊತೆಯಲ್ಲಿ ಓದೋರ ಚುರುಕು ನಮಗೂ ಅಂಟುತ್ತೆ. ಸರ್ಕಾರಿ ಕಾಲೇಜುಗಳನ್ನು ಹಾಡಿ ಹೊಗಳೋಕೂ ನಾನು ಬಂದಿಲ್ಲ. ಅತಿಥಿ ಉಪನ್ಯಾಸಕರ ಮೇಲೆ ನಡೆಯೋ ವಿಭಾಗಗಳಿವೆ, ಹಳೇ ಲ್ಯಾಬುಗಳಿವೆ. ಆದ್ದರಿಂದ ನನ್ನ ಮಾತು ಸ್ಪಷ್ಟ: ಸಿಇಟಿ ರ‍್ಯಾಂಕಿಗೆ ಹೆಸರಿನ ಕಾಲೇಜು ಸಿಕ್ಕರೆ ಕಣ್ಣುಮುಚ್ಚಿ ಸೇರಿ. ಕೆ.ಆರ್. ಸರ್ಕಲ್ಲಿನ ಯುವಿಸಿಇ ಸಿಕ್ಕರಂತೂ ಬಿಡಲೇಬೇಡಿ. 1917ರಲ್ಲಿ ವಿಶ್ವೇಶ್ವರಯ್ಯನವರು ಕಟ್ಟಿದ ಸರ್ಕಾರಿ ಕಾಲೇಜು ಅದು, ರೊದ್ದಂ ನರಸಿಂಹ ಅವರಂಥ ವಿಜ್ಞಾನಿ ಬಿಇ ಓದಿದ್ದು ಅಲ್ಲೇ. ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲಿದೆ, ಅದನ್ನೂ ಬಳಸಿಕೊಳ್ಳಿ. ನನ್ನ ತಕರಾರು ಇರೋದು ರ‍್ಯಾಂಕಿಗೆ ಸಿಗದ ಹೆಸರನ್ನು ಜಮೀನು ಕೊಟ್ಟು ಕೊಳ್ಳೋದರ ಬಗ್ಗೆ.

ಎನ್.ಆರ್. ನಾರಾಯಣ ಮೂರ್ತಿಯವರ ಕಥೆ ಎಲ್ಲರಿಗೂ ಗೊತ್ತು. ಐಐಟಿಗೆ ಆಯ್ಕೆಯಾಗಿದ್ದರೂ ಮನೆಯಲ್ಲಿ ಖರ್ಚು ಭರಿಸೋಕಾಗದೆ ಮೈಸೂರಿನ ಎನ್‌ಐಇಯಲ್ಲೇ ಓದಿದರು, 1967ರಲ್ಲಿ ಬಿಇ ಮುಗಿಸಿದರು. ಆಮೇಲೆ ಸ್ನಾತಕೋತ್ತರ ಪದವಿಗೆ ಐಐಟಿ ಕಾನ್ಪುರ ಸೇರಿದರು. ಎಲ್ಲರೂ ಇನ್ಫೋಸಿಸ್ ಕಟ್ತಾರೆ ಅಂತ ಹೇಳ್ತಿಲ್ಲ. ಹದಿನೆಂಟರ ವಯಸ್ಸಲ್ಲಿ ಮುಚ್ಚಿದ ಬಾಗಿಲು ಇಪ್ಪತ್ತೆರಡಕ್ಕೆ ಮತ್ತೆ ತೆಗೆಯುತ್ತೆ ಅಂತ ಹೇಳ್ತಿದ್ದೀನಿ. ಅಡ ಇಟ್ಟ ಜಮೀನು ಹರಾಜಾದರೆ ಹಾಗೆ ವಾಪಸ್ ಬರಲ್ಲ.

ಆ ಎರಡನೇ ಬಾಗಿಲು ಈಗಲೂ ಇದೆ. ಗೇಟ್ ಪರೀಕ್ಷೆಯ ಅಂಕಕ್ಕೆ ನೀವು ಓದಿದ ಕಾಲೇಜಿನ ಹೆಸರು ಸೇರಲ್ಲ. ಅದರಲ್ಲಿ ಪಾಸಾಗಿ ಎಂ.ಟೆಕ್ ಸೇರಿದರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಬೇರೆ. ನಾನಿರೋ ಜಾಲಹಳ್ಳಿಯ ಬಿಇಎಲ್ ಕೂಡ ಪ್ರೊಬೇಷನರಿ ಇಂಜಿನಿಯರ್ ಹುದ್ದೆಗೆ ಲಿಖಿತ ಪರೀಕ್ಷೆ ಇಡುತ್ತೆ. ಐಐಟಿ ಮೇಷ್ಟ್ರುಗಳ ಪಾಠ ಎನ್‌ಪಿಟಿಇಎಲ್‌ನಲ್ಲಿ ಪುಕ್ಕಟೆ ಸಿಗುತ್ತೆ. ಇನ್ನು ಹೆಸರಿನ ಮಾತು. ಈ ಏರಿಯಾದಲ್ಲಿ ಎಚ್‌ಎಂಟಿಗಿಂತ ದೊಡ್ಡ ಹೆಸರು ಯಾವುದಿತ್ತು? ಎಚ್‌ಎಂಟಿ ವಾಚಸ್ ಮುಚ್ಚೋಕೆ 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟೇಬಿಟ್ಟಿತು. ಹೆಸರಿಗೂ ಆಯಸ್ಸಿರುತ್ತೆ.

ಇಷ್ಟಾದರೂ ಊರಿನವರು ಬ್ರ್ಯಾಂಡ್ ಹಿಂದೆ ಓಡೋದಕ್ಕೆ ಅವರನ್ನು ಮಾತ್ರ ಬೈದರೆ ತಪ್ಪಾಗುತ್ತೆ. ಟೈರ್ ಒನ್, ಟೈರ್ ಟೂ ಅಂತ ಕಾಲೇಜುಗಳನ್ನು ಜಾತಿ ಪಟ್ಟಿ ಥರ ವಿಂಗಡಿಸೋದು ನಮ್ಮ ಉದ್ಯಮ. ಬೆಂಗಳೂರಿನ ನಾಲ್ಕು ಕ್ಯಾಂಪಸ್ ಸುತ್ತಿ ಬಂದು "ಟ್ಯಾಲೆಂಟೇ ಸಿಗ್ತಿಲ್ಲ" ಅಂತ ಗೋಳಾಡೋದೂ ನಮ್ಮ ಉದ್ಯಮವೇ. ಹಾಸನ ಇಲ್ಲಿಂದ 180 ಕಿಲೋಮೀಟರ್ ಚಿಲ್ಲರೆ. ವೀಕೆಂಡಿಗೆ ಸಕಲೇಶಪುರದ ಹೋಂಸ್ಟೇಗೆ ಹೋಗುವಾಗ ಅದೇ ದಾರಿಯಲ್ಲೇ ಹೋಗ್ತೀವಿ. ಅಲ್ಲಿನ ಮಕ್ಕಳನ್ನು ಇಂಟರ್‌ವ್ಯೂ ಮಾಡೋಕೆ ಮಾತ್ರ ದೂರ ಆಗಿಬಿಡುತ್ತೆ!

ಇದನ್ನು ಬದಲಿಸೋಕೆ ಸರ್ಕಾರಕ್ಕೆ ಅರ್ಜಿ ಹಾಕಬೇಕಿಲ್ಲ. ಇಂಟರ್‌ವ್ಯೂ ಪ್ಯಾನೆಲ್ಲಿನಲ್ಲಿ ಇರೋರು ಕೋಡ್ ನೋಡಿದ ಮೇಲೆ ಕಾಲೇಜಿನ ಹೆಸರು ನೋಡಿ. ರೆಫರಲ್ ಕೊಡೋ ಅವಕಾಶ ಇದ್ದರೆ ಮೊದಲನೆಯದು ನಿಮ್ಮ ಜಿಲ್ಲೆಯ ಸರ್ಕಾರಿ ಕಾಲೇಜಿನ ಹುಡುಗಿಗೋ ಹುಡುಗನಿಗೋ ಹೋಗಲಿ. ಎಚ್‌ಆರ್‌ನವರಿಗೆ ಒಂದು ಮೇಲ್ ಹಾಕಿ, ಈ ವರ್ಷ ಒಂದು ಹೊಸ ಕ್ಯಾಂಪಸ್ ಸೇರಿಸಿ ಅಂತ ಕೇಳಿ.

ಮುಂದಿನ ಸಲ ಊರಿಂದ ಫೋನ್ ಬಂದಾಗ "ಬ್ರ್ಯಾಂಡ್ ಮುಖ್ಯ" ಅನ್ನೋ ಮೊದಲು ಮೂರು ಪ್ರಶ್ನೆ ಕೇಳಿ. ರ‍್ಯಾಂಕಿಗೆ ಯಾವ ಸೀಟು ಸಿಗುತ್ತೆ? ಬಾಕಿ ದುಡ್ಡು ಎಲ್ಲಿಂದ ತರ್ತೀರಾ? ಒಂದು ವರ್ಷ ಕೆಲಸ ಸಿಗದಿದ್ದರೆ ಕಂತು ಯಾರು ಕಟ್ತಾರೆ? ಮೂರನೆಯದಕ್ಕೆ ಉತ್ತರ ಬರದಿದ್ದರೆ ಧೈರ್ಯವಾಗಿ ಹೇಳಿ: "ಗೌರ್ಮೆಂಟ್ ಕಾಲೇಜಿಗೇ ಸೇರಿಸಿ ದೊಡ್ಡಪ್ಪ. ಕೆಲಸ ಹುಡುಕುವಾಗ ಫೋನ್ ಮಾಡೋಕೆ ಹೇಳಿ, ನಾನಿರ್ತೀನಿ." ಹೇಳಿದ ಮೇಲೆ, ಆ ಫೋನ್ ಬಂದಾಗ ಎತ್ತಿ.