ಊರಿಗೊಂದು ಚಿತ್ರಮಂದಿರ

ಹಾಲಾಡಿಯ ಕಡೆಯ ಜನರಿಗೆ ‘ಆಟ’ವೆಂದರೆ ಮೊದಲು ಯಕ್ಷಗಾನ, ಸಿನಿಮಾ ಆಮೇಲಿನದು. ಕೊಯ್ಲಾದ ಗದ್ದೆಯಲ್ಲಿ ಇರುಳೆಲ್ಲ ಕುಳಿತು ಬಯಲಾಟವನ್ನು ನೋಡಿ, ಬೆಳಕು ಹರಿದ ಮೇಲೆ ಮನೆಯ ದಾರಿ ಹಿಡಿಯುತ್ತಿದ್ದವರಿಗೆ ಡೇರೆಯೊಳಗೆ ಬಿಳಿಯ ಪರದೆಯ ಮುಂದೆ ಎರಡೂವರೆ ಗಂಟೆ ಕುಳಿತಿರುವುದು ಎಷ್ಟರ ಮಾತು? ಮುಂಗಾರು ಸಮೀಪಿಸಿದೊಡನೆ ಮೇಳದವರು ಗೆಜ್ಜೆ ಬಿಚ್ಚುವಂತೆ ಟೂರಿಂಗ್ ಟಾಕೀಸಿನವರೂ ಡೇರೆ ಬಿಚ್ಚುತ್ತಿದ್ದರು. ಸಣ್ಣ ಊರುಗಳ ಚಿತ್ರಮಂದಿರಗಳು ಒಂದೊಂದಾಗಿ ಬಾಗಿಲಿಕ್ಕುತ್ತಿರುವ ಈ ದಿನಗಳಲ್ಲಿ ಆ ಹಳೆಯ ಸಂಗತಿಯನ್ನು ನೆನೆಯುವುದು ಲೇಸು. ಕಟ್ಟಡ ಹುಟ್ಟುವ ಮೊದಲೇ ಪ್ರೇಕ್ಷಕರು ಹುಟ್ಟಿದ್ದರೆಂಬುದು ಅದರಿಂದ ತಿಳಿಯುವುದು.

ಡೇರೆಯ ಕಥೆ ಬಹು ಹಿಂದಿನದು. ತಿರುಚಿರಾಪಳ್ಳಿಯ ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಸಾಮಿಕಣ್ಣು ವಿನ್ಸೆಂಟ್ ಎಂಬವರು 1905ರಲ್ಲಿ ಫ್ರೆಂಚರೊಬ್ಬರಿಂದ ಚಿತ್ರಯಂತ್ರವನ್ನು ಕೊಂಡು, ಕೆಲಸವನ್ನು ಬಿಟ್ಟು, ಊರಿಂದೂರಿಗೆ ಡೇರೆ ಹೊತ್ತು ಹೊರಟರು. 1914ರಲ್ಲಿ ಕೊಯಮತ್ತೂರಿನಲ್ಲಿ ‘ವೆರೈಟಿ ಹಾಲ್’ ಎಂಬ ಕಾಯಂ ಮಂದಿರವನ್ನು ಕಟ್ಟಿದವರೂ ಅವರೇ. ಆಗ ನಮ್ಮ ದಕ್ಷಿಣ ಕನ್ನಡವೂ ಮದ್ರಾಸು ಪ್ರಾಂತಕ್ಕೇ ಸೇರಿದ್ದಿತು. ಕೋಟದವರಾದ ಶಿವರಾಮ ಕಾರಂತರು 1930ರ ಸುಮಾರಿಗೆ ‘ಡೊಮಿಂಗೊ’ ಎಂಬ ಮೂಕಚಿತ್ರವನ್ನು ತಯಾರಿಸಿದರು. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ ಬೆಂಗಳೂರಿನಲ್ಲಿ ತೆರೆಕಂಡುದು 1934ರ ಮಾರ್ಚಿಯಲ್ಲಿ. ಹೀಗೆ ನಮ್ಮ ಕುಂದಾಪುರದ ಸೀಮೆಯ ಒಬ್ಬರು, ಕನ್ನಡ ಸಿನಿಮಾ ಮಾತನಾಡಲು ಕಲಿಯುವುದಕ್ಕೆ ಮುಂಚೆಯೇ, ಆ ಕಲೆಯಲ್ಲಿ ಕೈಯಾಡಿಸಿದ್ದರು!

ಡೇರೆಯಲ್ಲಿ ಯಂತ್ರ ಸಾಮಾನ್ಯವಾಗಿ ಒಂದೇ. ಎರಡು ಸಾವಿರ ಅಡಿಯ ಒಂದು ಸುರುಳಿ ಇಪ್ಪತ್ತೆರಡು ನಿಮಿಷಗಳಲ್ಲಿ ಮುಗಿಯುವುದು. ಮತ್ತೊಂದನ್ನು ಏರಿಸುವವರೆಗೆ ಕತ್ತಲೆ, ಸಿಳ್ಳು, ಕಡಲೆಕಾಯಿ. ನೆಲ, ಬೆಂಚು, ಕುರ್ಚಿ ಎಂದು ದರ್ಜೆಗಳು. ಹೆಂಗಸರಿಗೆ ಬೇರೆಯೇ ಪಕ್ಕ. ಹೆಂಚಿನ ಮಾಡಿನ ಕಾಯಂ ಮಂದಿರಗಳು ಬಂದಮೇಲೆ ಎರಡು ಯಂತ್ರಗಳಾದುವು, ಕಥೆ ಕಡಿಯದೆ ಸಾಗಿತು, ಮಳೆಗಾಲದಲ್ಲಿಯೂ ಆಟ ನಡೆಯಿತು. ಆದರೆ ಮಾಡಿನ ಮೇಲೆ ಆಷಾಢದ ಮಳೆ ಹೊಡೆಯುವಾಗ ನಾಯಕನ ಮಾತು ಯಾರ ಕಿವಿಗೆ ಬೀಳುವುದು!

ಕೆಡುಗಾಲ ಬಂದುದು ಒಂದೇ ಕಡೆಯಿಂದಲ್ಲ. 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದಿತು. ಅದರ ಬೆನ್ನಿಗೇ ವಿಡಿಯೋ. 1987ರ ಜನವರಿಯಿಂದ ಭಾನುವಾರದ ಬೆಳಿಗ್ಗೆ ‘ರಾಮಾಯಣ’ ಮನೆಯ ಜಗಲಿಗೇ ಇಳಿದಾಗ ಟಿಕೆಟ್ಟಿನ ಕಿಂಡಿಯ ಮುಂದೆ ನಿಲ್ಲುವ ಅಗತ್ಯವಾದರೂ ಏನು? ಹೊಸ ಶತಮಾನದಲ್ಲಿ ಫಿಲ್ಮಿನ ಸುರುಳಿಯೇ ಮಾಯವಾಗಿ, ಚಿತ್ರವು ಉಪಗ್ರಹದ ಮೂಲಕ ಬರತೊಡಗಿತು. ಇದರಿಂದ ಸಣ್ಣ ಊರಿಗೆ ಒಂದು ಉಪಕಾರವಾಯಿತೆಂಬುದು ನಿಜ. ಪಟ್ಟಣಗಳಲ್ಲಿ ಓಡಿ ಗೀಚುಬಿದ್ದ ಪ್ರತಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ. ಆದರೆ ಒಂದೇ ದಿನ ಎಲ್ಲ ಕಡೆಯೂ ತೆರೆಕಾಣುವ ಚಿತ್ರವು ಎಲ್ಲ ಕಡೆಯೂ ಬೇಗನೆ ಹಳತಾಗುವುದು. ಹೊಸ ಯಂತ್ರದ ಖರ್ಚು ಹೊರುವುದು ಅನೇಕರಿಗೆ ಅಸಾಧ್ಯವಾಯಿತು. 2020ರ ಮಾರ್ಚಿಯಲ್ಲಿ ಮಹಾಮಾರಿಯ ನಿಮಿತ್ತ ಮುಚ್ಚಿದ ಬಾಗಿಲುಗಳಲ್ಲಿ ಕೆಲವು ಮತ್ತೆ ತೆರೆಯಲೇ ಇಲ್ಲ.

ಇನ್ನು ಉದ್ಧಾರದ ಮಾತು. ಕುರ್ಚಿಗೆ ಹೊಸ ಮೆತ್ತೆ ಹೊಲಿಸಿ, ಗೋಡೆಗೆ ಬಣ್ಣ ಬಳಿದರೆ ಮಂದಿರ ಬದುಕುವುದೆಂದು ನಂಬುವವರುಂಟು. ನನಗೆ ಆ ನಂಬಿಕೆಯಿಲ್ಲ. ಹಾಲಾಡಿಯಿಂದ ಸಿದ್ಧಾಪುರ, ಹೊಸಂಗಡಿಗಳ ದಾರಿಯಾಗಿ ಬಾಳೆಬರೆ ಘಾಟಿಯನ್ನು ಹತ್ತಿ, ಹೊಸನಗರವನ್ನು ದಾಟಿ, ಸಾಗರದ ಸಮೀಪದ ಹೆಗ್ಗೋಡಿಗೆ ಹೋದರೆ ಬೇರೊಂದು ಪಾಠ ದೊರೆಯುವುದು. ಅಡಕೆ ಬೆಳೆಯುವ ಆ ಹಳ್ಳಿಯಲ್ಲಿ 1949ರಲ್ಲಿ ಕೆ. ವಿ. ಸುಬ್ಬಣ್ಣನವರೂ ಅವರ ಗೆಳೆಯರೂ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು, ಅಂದರೆ ಇಂದಿನ ‘ನೀನಾಸಮ್’ ಸಂಸ್ಥೆಯನ್ನು, ಕಟ್ಟಿದರು. 1972ರಲ್ಲಿ ರಂಗಮಂದಿರವೆದ್ದಿತು; ಅದಕ್ಕಿಟ್ಟ ಹೆಸರು ನಮ್ಮ ಕೋಟದ ಶಿವರಾಮ ಕಾರಂತರದು. ಮರುವರ್ಷವೇ ಚಿತ್ರಸಮಾಜ ಸ್ಥಾಪನೆಯಾಗಿ, ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’, ‘ರಾಶೊಮಾನ್’ಗಳಂತಹ ಚಿತ್ರಗಳು ತೋಟದ ಕೆಲಸ ಮುಗಿಸಿ ಬಂದವರ ಕಣ್ಣೆದುರು ಆಡಿದುವು. ಬಂಗಾಳಿ, ಇಟಾಲಿಯನ್, ಜಪಾನಿ ಯಾವುದೂ ತಿಳಿಯದ ಜನ! ಆದರೂ ಸೈಕಲ್ಲು ಕಳೆದುಕೊಂಡ ಬಡವನ ಸಂಕಟ ಅರ್ಥವಾಗುವುದಕ್ಕೆ ಇಟಾಲಿಯನ್ ಏತಕ್ಕೆ? ಪುಣೆಯ ಫಿಲ್ಮ್ ಸಂಸ್ಥೆಯ ಸತೀಶ್ ಬಹಾದ್ದೂರರು ಅಲ್ಲಿಗೆ ಬಂದು, ಚಿತ್ರವನ್ನು ಹೇಗೆ ನೋಡಬೇಕೆಂಬುದನ್ನು ಹಳ್ಳಿಗರಿಗೆ ಹೇಳಿಕೊಟ್ಟರು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದುದನ್ನು ವಾಚಕರು ಬಲ್ಲರು. ನನ್ನ ಮನಸ್ಸಿಗೆ ಹಿಡಿದುದು ಪ್ರಶಸ್ತಿಯಲ್ಲ. ಅಲ್ಲಿ ಊರಿನವರೇ ಮಂದಿರದ ಯಜಮಾನರಾಗಿ, ತಾವು ಏನನ್ನು ನೋಡಬೇಕೆಂಬುದನ್ನು ತಾವೇ ಗೊತ್ತುಮಾಡಿಕೊಂಡರೆಂಬುದು.

ಅದು ಘಟ್ಟದ ಮೇಲಿನವರ ಭಾಗ್ಯ, ಘಟ್ಟದ ಕೆಳಗೆ ಅಂತಹ ಪ್ರೇಕ್ಷಕರೆಲ್ಲಿ ಎಂದು ಕೇಳುವವರಿಗೆ 2022ರ ಸೆಪ್ಟೆಂಬರ್ 30ರಂದು ತೆರೆಕಂಡ ‘ಕಾಂತಾರ’ವೇ ಉತ್ತರ. ಅದನ್ನು ಚಿತ್ರಿಸಿದುದು ಕುಂದಾಪುರ ತಾಲೂಕಿನ ಕೆರಾಡಿಯಲ್ಲಿ. ನಿರ್ದೇಶಿಸಿ ಅಭಿನಯಿಸಿದ ರಿಷಬ್ ಶೆಟ್ಟಿಯವರ ಊರೂ ಅದೇ. ಪರದೆಯ ಮೇಲೆ ತಮ್ಮ ಕಂಬಳವನ್ನು, ತಮ್ಮ ದೈವದ ಕೋಲವನ್ನು, ತಮ್ಮ ಮಾತಿನ ವರಸೆಯನ್ನು ಕಾಣಲು, ಟಾಕೀಸಿನ ಮೆಟ್ಟಿಲು ಹತ್ತಿ ಎಷ್ಟೋ ವರ್ಷಗಳಾಗಿದ್ದ ಹಿರಿಯರೂ ಹೊರಟುಬಂದರು. ಪ್ರೇಕ್ಷಕರು ಸತ್ತಿರಲಿಲ್ಲ, ಕರೆಗಾಗಿ ಕಾದಿದ್ದರು. ಆದರೆ ವರ್ಷಕ್ಕೊಂದು ‘ಕಾಂತಾರ’ ಬಾರದು. ಉಳಿದ ಐವತ್ತು ವಾರ ಮಂದಿರದ ದೀಪ ಉರಿಯುವುದು ಹೇಗೆ ಎಂಬುದೇ ನಿಜವಾದ ಪ್ರಶ್ನೆ.

ಸರ್ಕಾರದಿಂದ ಸ್ವಲ್ಪ ಅನುಕೂಲವಾಗಿದೆ. ನೂರು ರೂಪಾಯಿ ಮೀರದ ಟಿಕೆಟ್ಟಿನ ಮೇಲಿನ ತೆರಿಗೆ 2025ರ ಸೆಪ್ಟೆಂಬರಿನಲ್ಲಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಇದರ ಫಲ ಹೆಚ್ಚಾಗಿ ದೊರೆಯತಕ್ಕುದು ಸಣ್ಣ ಊರಿನ ಮಂದಿರಗಳಿಗೇ. ಮಿಕ್ಕುದನ್ನು ಮಾಲಿಕರೂ ಊರಿನವರೂ ಕೂಡಿ ಮಾಡಬೇಕು: ತಿಂಗಳಿಗೊಂದು ದಿನ ಶಾಲೆಯ ಮಕ್ಕಳಿಗೆ ಒಳ್ಳೆಯದೊಂದು ಚಿತ್ರ, ಮಳೆಗಾಲದಲ್ಲಿ ಮೇಳಗಳು ಬಿಡುವಾಗಿರುವಾಗ ಅದೇ ವೇದಿಕೆಯ ಮೇಲೆ ಒಂದು ತಾಳಮದ್ದಳೆ. ಹೆಂಗಸರ ಶೌಚಗೃಹ ಚೊಕ್ಕಟವಾಗಿರಬೇಕೆಂಬುದನ್ನು ಮೆತ್ತೆಯ ಕುರ್ಚಿಗಿಂತ ಮೊದಲು ಬರೆದುಕೊಳ್ಳಲಿ. ಸಂಜೆಯ ಆಟ ಬಿಡುವ ಹೊತ್ತನ್ನು ಬಸ್ಸಿನ ಹೊತ್ತಿಗೆ ಹೊಂದಿಸಲಿ. ಹಾಲಾಡಿಯ ಗೃಹಿಣಿಯು ಮಕ್ಕಳನ್ನು ಕಟ್ಟಿಕೊಂಡು ಕುಂದಾಪುರಕ್ಕೆ ಹೋಗಬೇಕೋ ಬೇಡವೋ ಎಂದು ನಿಶ್ಚಯಿಸುವುದು ಭಿತ್ತಿಪತ್ರವನ್ನು ನೋಡಿಯಲ್ಲ, ಹಿಂದಿರುಗುವ ಕಡೆಯ ಬಸ್ಸನ್ನು ಲೆಕ್ಕಹಾಕಿ.